ಮೂರು ತಗ್ಗಿನ ಗೆರೆ

ಅತ್ತೆಗೆ ಗಣಿತ ಬರುತ್ತಿರಲಿಲ್ಲ.

ಕೂಡುವುದು, ಕಳೆಯುವುದು, ತಪ್ಪಿದರೆ ಬೆರಳು ಮಡಚುವುದು. ಪೊಲೀಸ್ ಕೆಲಸದಲ್ಲಿದ್ದಷ್ಟು ಕಾಲ ಅದಕ್ಕಿಂತ ಹೆಚ್ಚು ಬೇಕಾಗಿರಲಿಲ್ಲ. ಆ ಕೆಲಸ ಬಿಟ್ಟು ಸ್ವಂತ ಪತ್ತೇದಾರಿಕೆಗೆ ಇಳಿದ ಮೇಲೂ ಬೇಕಾಗಿರಲಿಲ್ಲ. ಈಗ ಬೇಕಾಗಿತ್ತು, ಅದೂ ಸಂಜೆಯೊಳಗೆ.

"ಇನ್ನೊಂದು ಸಲ ಹೇಳು. ನಾನು ದಡ್ಡಿ ಅಂದ್ಕೊಂಡು ಹೇಳು," ಎಂದಳು.

"ಅಂದ್ಕೊಳ್ಳೋದೇನು ಬಂತು ಅತ್ತೆ," ಎಂದಳು ಕಿರಿಯಳು. ಆ ಸ್ಥಿತಿಯಲ್ಲೂ ಅವಳ ನಾಲಿಗೆ ಚುರುಕಾಗಿಯೇ ಇತ್ತು.

ಇಬ್ಬರ ನಡುವೆ ಮೇಜಿನ ಮೇಲೆ ತಾಮ್ರದ ತುಂಡೊಂದು ಇತ್ತು. ಮೊಲದ ಗಾತ್ರ. ಉದ್ದಕ್ಕೆ ಎರಡು ಹೋಳು ಮಾಡಿ ಬೋಲ್ಟಿನಿಂದ ಜೋಡಿಸಿದ್ದು. ಮೇಲೆ ಅರಗಿನ ಮುದ್ರೆ. ಸೋಮವಾರ ಪೂರ್ಣ ಶಕ್ತಿಯ ಪರೀಕ್ಷೆ ನಡೆಯುವಾಗ ಅದರೊಳಗೆ ಕಿಡಿ ಹಾರಿ, ಪಕ್ಕದ ಇಣುಕು ಗಾಜಿನ ಬಿಲ್ಲೆ ಸಿಡಿದು, ಪರೀಕ್ಷೆ ನಡೆಸುತ್ತಿದ್ದವನ ಬಲಗಣ್ಣು ಹೋಗಿತ್ತು.

ಅತ್ತೆಯ ಅಣ್ಣನಿಗೆ ಇಬ್ಬರು ಹೆಣ್ಣುಮಕ್ಕಳು. ಕಣ್ಣು ಹೋದದ್ದು ಹಿರಿಯಳ ಗಂಡನದು. ಕಿಡಿ ಹಾರಿದ್ದು ಕಿರಿಯಳು ವಿನ್ಯಾಸ ಮಾಡಿದ ತುಂಡಿನಲ್ಲಿ. ಗಾಯಗೊಂಡವನ ಮನೆಯ ಕಡೆಯಿಂದ ಒಬ್ಬರು ವಿಚಾರಣೆಗೆ ಬರಬಹುದು ಎಂದು ಈ ಪ್ರಯೋಗಾಲಯದಲ್ಲೊಂದು ನಿಯಮ. ಹಿರಿಯಳು ಅತ್ತೆಯನ್ನು ಕಳಿಸಿದ್ದಳು. "ಅವಳ ತಪ್ಪು ಅಂತ ಬರೆಸ್ಕೊಂಡು ಬನ್ನಿ. ತಂಗಿ ಅಂತ ನಾನೇ ನೋಡಲ್ಲ, ನೀವೂ ನೋಡಬೇಡಿ," ಎಂದು ಆಸ್ಪತ್ರೆಯ ಬೆಂಚಿನ ಮೇಲೆ ಕೂತು ಹೇಳಿದ್ದಳು.

ಬರೆಸುವುದಕ್ಕೆ ಅತ್ತೆ ಬೇಕಾಗಿಯೇ ಇರಲಿಲ್ಲ. ವರದಿ ಸಿದ್ಧವಾಗಿತ್ತು. 'ವಿನ್ಯಾಸದ ದೋಷ' ಎಂದು ಮುಖ್ಯಸ್ಥ ಬರೆದಾಗಿತ್ತು. ಸಂಜೆ ಕಿರಿಯಳು ಒಪ್ಪಿ ಅದರ ಕೆಳಗೆ ಸಹಿ ಹಾಕಬೇಕು. ಹಾಕಿದರೆ ಕೆಲಸ ಹೋಗುತ್ತದೆ, ಬೆನ್ನ ಹಿಂದೆಯೇ ಪೊಲೀಸರು ಬರುತ್ತಾರೆ. ಹಾಕದಿದ್ದರೆ ತಪ್ಪು ಯಾರದು ಎಂದು ಇವತ್ತೇ ತೋರಿಸಬೇಕು.

"ಇದು ಚೌಕ ಕೊಳವೆ ಅಂದ್ಕೊಳ್ಳಿ," ಎಂದಳು ಕಿರಿಯಳು. "ನೀರಿನ ಬದಲು ಮೈಕ್ರೋವೇವ್ ಹರಿಯುತ್ತೆ. ರಾಡಾರ್ ಯಂತ್ರದ ಕಡೆ ಎತ್ತರದ ಕೊಳವೆ, ಆಂಟೆನಾ ಕಡೆ ಗಿಡ್ಡ ಕೊಳವೆ. ಎರಡನ್ನೂ ನೇರವಾಗಿ ಸೇರಿಸಿಬಿಟ್ರೆ ಅಲೆ ಗಿಡ್ಡ ಬಾಗಿಲ ಚೌಕಟ್ಟಿಗೆ ಹಣೆ ಬಡಿಸಿಕೊಂಡ ಹಾಗೆ ಒಂದಷ್ಟು ವಾಪಸ್ ಬರುತ್ತೆ."

"ಬಂದ್ರೆ ಬರಲಿ."

"ಹೋಗೋ ಅಲೆ, ಬರೋ ಅಲೆ ಸೇರಿ ಅಲ್ಲಲ್ಲಿ ಗುಡ್ಡೆ ಆಗುತ್ತೆ. ಶಕ್ತಿ ಜಾಸ್ತಿ ಇದ್ರೆ ಆ ಗುಡ್ಡೆಯ ಮೇಲೆ ಕಿಡಿ. ಅದಕ್ಕೇ ನಡುವೆ ಮೆಟ್ಟಿಲು. ಮೂರು ಮಟ್ಟ. ಒಂದು ದೊಡ್ಡ ಏಟಿನ ಬದಲು ನಾಲ್ಕು ಸಣ್ಣ ಏಟು. ಒಂದೊಂದು ಅಂಚಿನಿಂದಲೂ ಒಂಚೂರು ವಾಪಸ್ ಬರುತ್ತೆ. ಆದ್ರೆ ಒಂದೊಂದು ಮೆಟ್ಟಿಲ ಉದ್ದ ಅಲೆಯ ಕಾಲುಭಾಗ. ಹೋಗಿ ಬರೋಷ್ಟರಲ್ಲಿ ಅರ್ಧ ಅಲೆ ತಡ ಆಗಿರುತ್ತೆ. ಒಂದು ಏರುವಾಗ ಇನ್ನೊಂದು ಇಳೀತಿರುತ್ತೆ. ಸೇರಿದ್ರೆ ಸೊನ್ನೆ."

"ನಿಮ್ಮಪ್ಪ ಕೂಗಾಡುವಾಗ ನಿಮ್ಮಮ್ಮ ಸುಮ್ಮನಿರೋ ಹಾಗೆ."

"ಅಲ್ಲ. ಅಪ್ಪ ಕೂಗುವಾಗ ಅಮ್ಮನೂ ಅಷ್ಟೇ ಜೋರಾಗಿ ಉಲ್ಟಾ ಕೂಗೋ ಹಾಗೆ. ಬೀದಿಯವರಿಗೆ ಏನೂ ಕೇಳಿಸಲ್ಲ."

"ನಿಮ್ಮ ಬೀದಿಯವರಿಗೆ ಎಲ್ಲಾ ಕೇಳಿಸ್ತಿತ್ತು ಕಣೇ."

ಬಾಗಿಲ ಬಳಿ ನಿಂತಿದ್ದ ಮನುಷ್ಯ ಕಿಸಕ್ಕೆಂದು ನಕ್ಕು, ತಕ್ಷಣ ಕೆಮ್ಮಿದ. ಅಳತೆ ಕೊಠಡಿಯವನು. ಎಲ್ಲರೂ ಅವನನ್ನು ಮೈಕ್ರಾನ್ ಎನ್ನುತ್ತಿದ್ದರು. ತಯಾರಾಗಿ ಬಂದ ಪ್ರತಿ ತುಂಡನ್ನೂ ಕೂದಲೆಳೆಯ ಲೆಕ್ಕದಲ್ಲಿ ಅಳೆದು, ಸರಿ ಇದ್ದರೆ ಬೀರುವಿನೊಳಗಿಡುವುದು ಅವನ ಕೆಲಸ. ಹೆಂಡತಿ ಕೊಟ್ಟ ಲೋಟದ ಅಂಚು ಸೊಟ್ಟಗಿದೆ ಎಂದು ಕಾಫಿ ಕುಡಿಯದೆ ಎದ್ದು ಬಂದವನು ಎಂದು ಲ್ಯಾಬಿನಲ್ಲಿ ಅವನ ಬಗ್ಗೆ ಕಥೆಯಿತ್ತು. ಅವನು ಅಲ್ಲಗಳೆದಿರಲಿಲ್ಲ.

"ಮುದ್ರೆ ಒಡೆಯಿರಿ," ಎಂದಳು ಅತ್ತೆ. "ಮನೆಯವರ ಪರವಾಗಿ ನಾನು ಒಳಗೆ ನೋಡ್ಬೇಕು."

ಅಪಘಾತವಾದ ಕೂಡಲೇ ತುಂಡಿಗೆ ಮುದ್ರೆ ಬಿದ್ದಿತ್ತು. ಆಮೇಲೆ ಯಾರೂ ಬಿಚ್ಚಿರಲಿಲ್ಲ. ಕಿರಿಯಳನ್ನಂತೂ ಹತ್ತಿರಕ್ಕೇ ಬಿಟ್ಟಿರಲಿಲ್ಲ. ಮೈಕ್ರಾನ್ ಅರಗನ್ನು ಕೆರೆದು, ಬೋಲ್ಟ್ ಕಳಚಿ, ಎರಡು ಹೋಳನ್ನೂ ಪುಸ್ತಕ ತೆರೆದ ಹಾಗೆ ಮಲಗಿಸಿದ. ಸುಟ್ಟ ವಾಸನೆ ಗಪ್ಪೆಂದು ಬಂತು.

ಒಳಗೆಲ್ಲ ಮಸಿ. ಮಸಿಯ ಕೆಳಗೆ ಮೂರು ಮೆಟ್ಟಿಲು, ಗೊಂಬೆಮನೆಯ ಮೆಟ್ಟಿಲಿನಷ್ಟು ಸಣ್ಣವು. ಕೊನೆಯ ಅಂಚಿನಲ್ಲಿ ತಾಮ್ರ ಕರಗಿ ಮಣಿಯಾಗಿ ನಿಂತಿತ್ತು.

ಕಿರಿಯಳು ಬಾಗಿ ನೋಡಿದಳು. ಬೆರಳಿನಿಂದ ಒಂದು ಅಂಚು ಮುಟ್ಟಿದಳು. ಕೈ ಹಿಂದಕ್ಕೆಳೆದುಕೊಂಡಳು. ಬೆರಳ ತುದಿಯಲ್ಲಿ ರಕ್ತದ ಗೆರೆ.

"ಕ್ಯಾಲಿಪರ್ ಕೊಡಿ," ಎಂದಳು. ಧ್ವನಿ ಬದಲಾಗಿತ್ತು.

ಮೈಕ್ರಾನ್ ಕೊಟ್ಟ. ಅವಳು ಮೊದಲ ಮೆಟ್ಟಿಲ ಉದ್ದ ಅಳೆದಳು. ಎರಡನೆಯದು ಅಳೆದಳು. ಮೂರನೆಯದು ಅಳೆಯುವಾಗ ಅವಳ ಕಿವಿ ಕೆಂಪಾಗಿತ್ತು.

"ಅತ್ತೆ!" ಎಂದು ಕೂಗಿದಳು. "ಇದು ನಂದಲ್ಲ!"

"ಮೆತ್ತಗೆ ಹೇಳು."

"ಮೆತ್ತಗೆ ಹೇಗೆ ಹೇಳಲಿ! ಮೂರೂ ಒಂದೇ ಉದ್ದ ಇದೆ!"

"ಕಾಲುಭಾಗ ಅಂದ್ಯಲ್ಲ. ಮೂರೂ ಒಂದೇ ಇರಬೇಕಲ್ಲ?"

"ಪುಸ್ತಕದಲ್ಲಿ! ಪುಸ್ತಕದಲ್ಲಿ ಒಂದೇ ಇರುತ್ತೆ. ನಿಜವಾದ ಅಲೆ ಮೆಟ್ಟಿಲ ಮೂಲೆಗೆ ಬಂದಾಗ ಅಲ್ಲೊಂಚೂರು ತಡವರಿಸುತ್ತೆ. ಮೆಟ್ಟಿಲು ಇರೋದಕ್ಕಿಂತ ಉದ್ದ ಇದೆ ಅಂತ ಅದಕ್ಕೆ ಅನಿಸುತ್ತೆ. ಅದಕ್ಕೆ ಎಲ್ಲವನ್ನೂ ಒಂಚೂರು ಮೊಟಕು ಮಾಡ್ಬೇಕು. ಒಂದೊಂದು ಮೂಲೆ ಒಂದೊಂದು ಥರ, ಅದಕ್ಕೆ ಒಂದೊಂದನ್ನ ಒಂದೊಂದಷ್ಟು. ನಂದು ಮೂರೂ ಬೇರೆ ಬೇರೆ ಉದ್ದ. ಮತ್ತೆ ಅಂಚು! ಶಕ್ತಿ ಜಾಸ್ತಿ ಅಂತ ಅಂಚುಗಳನ್ನೆಲ್ಲಾ ದುಂಡಗೆ ಮಾಡಿಸಿದ್ದೆ. ಇದು ನೋಡಿ, ಬ್ಲೇಡು!"

ಅತ್ತೆ ಅವಳ ಬೆರಳು ನೋಡಿದಳು. ಗಣಿತ ಬಾರದಿದ್ದರೂ ರಕ್ತ ಅರ್ಥವಾಗುತ್ತಿತ್ತು.

"ಅಂದ್ರೆ ಯಾರೋ ನಿನ್ನ ತುಂಡು ತೆಗೆದು ಇದನ್ನ ಇಟ್ಟಿದ್ದಾರೆ."

"ಹೌದು!"

"ಮೈಕ್ರಾನ್, ಎತ್ತರ ಅಳೀರಿ."

"ತಳದಲ್ಲಿ ಮಸಿ ಕೂತಿದೆ ಮೇಡಂ. ತೊಳೀದೆ ನಾನು ಎತ್ತರ ಹೇಳಲ್ಲ," ಎಂದ ಮೈಕ್ರಾನ್. ಮೇಜಿಗೆ ಹೇಳಿದ ಹಾಗೆ ಹೇಳಿದ. ಅವನ ಮುಖ ಬಿಳಿಚಿಕೊಂಡಿತ್ತು. "ಶುಕ್ರವಾರ ನಾನೇ ಅಳೆದು ಬೀರುವಿನಲ್ಲಿ ಇಟ್ಟಿದ್ದೆ. ನಾನು ಇಟ್ಟದ್ದು ಇದಲ್ಲ. ಬೀರು ಈಗ ಖಾಲಿ."

"ಬೀರುವಿನ ಕೀ ಯಾರ ಹತ್ರ?"

"ನನ್ನ ಹತ್ರ ಒಂದು. ಮುಖ್ಯಸ್ಥರ ಹತ್ರ ಒಂದು. ಇನ್ನೊಂದು ನಿಮ್ಮ ಅಳಿಯನ ಹತ್ರ."

ಅಳಿಯ ಆಸ್ಪತ್ರೆಯಲ್ಲಿ ಮುಖಕ್ಕೆ ಪಟ್ಟಿ ಕಟ್ಟಿಸಿಕೊಂಡು ಮಲಗಿದ್ದ. ಕಣ್ಣು ಕಳೆದುಕೊಂಡವನನ್ನು ಅತ್ತೆ ಶಂಕಿತರ ಪಟ್ಟಿಯಿಂದ ಬಿಟ್ಟಳು. ಅಲ್ಲಿ ಅವಳು ತಪ್ಪಿದಳು.

*

"ಮೆಟ್ಟಿಲು ತುಂಡಿನ ಒಳಗು ಹೇಗಿದೆ ಅಂತ ಒಂದು ಚಿತ್ರ ಬರೆದುಕೊಡಿ," ಎಂದು ಕೀ ಇದ್ದ ಉಳಿದಿಬ್ಬರನ್ನೂ ಒಬ್ಬೊಬ್ಬರಾಗಿ ಕೇಳಿದಳು ಅತ್ತೆ. "ನನಗೆ ಅರ್ಥ ಆಗ್ಬೇಕು, ಅಷ್ಟೇ."

ಕಳ್ಳ ಪುಸ್ತಕ ನೋಡಿ ತುಂಡು ಮಾಡಿಸಿದ್ದಾನೆ. ಹಾಗಾದರೆ ಅವನ ತಲೆಯಲ್ಲಿರುವ ಮೆಟ್ಟಿಲು ಸಮವಾಗಿರುತ್ತದೆ. ಇಷ್ಟೇ ಅವಳ ಲೆಕ್ಕ. ಇದಕ್ಕೆ ಬೆರಳು ಮಡಚುವ ಅಗತ್ಯವೂ ಇರಲಿಲ್ಲ.

ಮೈಕ್ರಾನ್ ಮೊದಲು ಬರೆದ. ಅಡ್ಡಾದಿಡ್ಡಿ ಗೆರೆ, ಆದರೆ ನಡುವಿನ ಮೆಟ್ಟಿಲು ಉದ್ದ, ಗಿಡ್ಡ ಕೊಳವೆಯ ಪಕ್ಕದ್ದು ಮೋಟು. ಅಂಚುಗಳನ್ನು ದುಂಡಗೆ ತಿದ್ದಿದ. ಪೆನ್ನು ಕೆಳಗಿಟ್ಟು, ಮತ್ತೆ ಎತ್ತಿಕೊಂಡು ಒಂದು ಅಂಚನ್ನು ಇನ್ನೂ ಸ್ವಲ್ಪ ದುಂಡಗೆ ಮಾಡಿದ.

ಮುಖ್ಯಸ್ಥನ ಕೋಣೆ ಮೇಲಿನ ಮಹಡಿಯಲ್ಲಿತ್ತು. ದೊಡ್ಡ ಮೇಜು, ಮೇಜಿನ ಮೇಲೆ ಏನೂ ಇಲ್ಲ, ಆ ವರದಿಯೊಂದು ಬಿಟ್ಟು. ಅವನು ಅತ್ತೆಯ ಕೈಯಿಂದ ಕಾಗದ ತೆಗೆದುಕೊಂಡು ಒಂದೇ ಉಸಿರಿಗೆ ಚಿತ್ರ ಬರೆದ. ಬಹಳ ಚೆಂದದ ಚಿತ್ರ. ಎಷ್ಟೋ ವರ್ಷ ಕರಿಹಲಗೆಯ ಮುಂದೆ ನಿಂತ ಕೈ.

ಮೂರು ಮೆಟ್ಟಿಲು. ಮೂರೂ ಸಮ. ಚೂಪು ಅಂಚು.

ಅತ್ತೆ ಕಾಗದವನ್ನು ತನ್ನ ಕಡೆಗೆ ಎಳೆದುಕೊಂಡಳು. ಮುಖದಲ್ಲಿ ಏನೂ ತೋರಿಸಲಿಲ್ಲ.

"ಮೂರೂ ಒಂದೇ ಉದ್ದ ಬರೆದಿದ್ದೀರಿ ಸರ್."

"ಒಂದೇ ಇರಬೇಕು. ಕಾಲು ಅಲೆ."

"ಸುಟ್ಟ ತುಂಡಲ್ಲೂ ಹಾಗೇ ಇದೆ."

"ಇರಲೇಬೇಕಲ್ಲಮ್ಮ."

"ನನ್ನ ಸೊಸೆ ಮಾಡಿದ ತುಂಡಲ್ಲಿ ಹಾಗಿರಲಿಲ್ಲ."

ಮುಖ್ಯಸ್ಥ ಅವಳನ್ನು ನೋಡಿದ. ಆಮೇಲೆ ಬಾಗಿಲಲ್ಲಿ ನಿಂತಿದ್ದ ಕಿರಿಯಳನ್ನು ನೋಡಿದ. "ಏನಮ್ಮಾ, ಮೂಲೆಯ ತಿದ್ದುಪಡಿ ಹಾಕಿದ್ದೆಯಾ?"

"ಹಾಕಿದ್ದೆ ಸರ್. ನಿಮಗೆ ತೋರಿಸಿದ್ದೆ."

"ಅಂಥ ಚೂರುಪಾರೆಲ್ಲಾ ನಾನು ನೆನಪಿಟ್ಕೊಳ್ಳಲ್ಲ."

"ಬೀರುವಿನ ಕೀ ನಿಮ್ಮ ಹತ್ರ ಒಂದಿದೆ," ಎಂದಳು ಅತ್ತೆ.

"ಇದೆ. ಅದು ಎಲ್ಲಿದೆ ಅಂತ ನನಗೇ ಗೊತ್ತಿಲ್ಲ. ನಾನು ಆ ತುಂಡನ್ನ ತೆರೆದು ನೋಡೇ ಇಲ್ಲ!"

"ತೆರೆದು ನೋಡದೇ ವಿನ್ಯಾಸದ ದೋಷ ಅಂತ ಬರೆದಿದ್ದೀರಿ."

ಮುಖ್ಯಸ್ಥನ ಕತ್ತಿನ ನರ ಕುಣಿಯುತ್ತಿತ್ತು. ಸಿಕ್ಕಿಬಿದ್ದವನ ಸಿಟ್ಟೋ, ಮರ್ಯಾದೆ ಹೋದವನ ಸಿಟ್ಟೋ ಅತ್ತೆಗೆ ಇನ್ನೂ ಗೊತ್ತಾಗಲಿಲ್ಲ. ಎರಡೂ ದೂರದಿಂದ ಒಂದೇ ಥರ ಕಾಣುತ್ತವೆ.

"ಸಂಜೆ ತನಕ ಹೊತ್ತಿದೆ," ಎಂದ ಕೊನೆಗೆ. "ಕೀ ಇಟ್ಕೊಂಡವನ ಮಾತು, ದಾಖಲೆ ಸಾಲದು. ಬದಲಾಯಿಸಿದ ತುಂಡು ಅಂತ ಸಾಬೀತು ಮಾಡಿ. ಇಲ್ಲಾಂದ್ರೆ ಇವಳು ಸಹಿ ಹಾಕ್ತಾಳೆ."

ಮೆಟ್ಟಿಲಿಳಿಯುವಾಗ ಕಿರಿಯಳು ಎರಡೆರಡು ಮೆಟ್ಟಿಲು ಹಾರುತ್ತಿದ್ದಳು. "ಸಾಬೀತು ಮಾಡೋದು ಬಹಳ ಸುಲಭ ಅತ್ತೆ! ತುಂಡನ್ನ ತೊಳೆದು ಅನಲೈಸರ್‌ಗೆ ಹಾಕೋಣ. ಯಾವ ಫ್ರೀಕ್ವೆನ್ಸಿಗೆ ಎಷ್ಟು ಅಲೆ ವಾಪಸ್ ಬರುತ್ತೆ ಅಂತ ಅದು ಗೆರೆ ಎಳೆಯುತ್ತೆ. ನನ್ನ ತುಂಡಿನ ಗೆರೆಯಲ್ಲಿ ಮೂರು ತಗ್ಗು. ಮೂರು ಮೆಟ್ಟಿಲಿಗೆ ಮೂರು. ಮೂರು ಕಡೆ ವಾಪಸ್ ಬರೋದು ಹೆಚ್ಚುಕಡಿಮೆ ಸೊನ್ನೆ, ನಡುವೆ ಸಣ್ಣ ಸಣ್ಣ ದಿಬ್ಬ, ದಿಬ್ಬ ಎಲ್ಲಾ ಒಂದೇ ಎತ್ತರ. ಹಾಗೆ ಬರೋ ಹಾಗೆ ಮೆಟ್ಟಿಲ ಎತ್ತರ ಆರಿಸಿದ್ದೆ. ಅದರಿಂದಲೇ ರಾಡಾರ್ ಅಷ್ಟೊಂದು ಫ್ರೀಕ್ವೆನ್ಸಿಗಳಲ್ಲಿ ಕೆಲಸ ಮಾಡೋದು."

"ನಕಲಿಗೆ?"

"ನಕಲಿಗೂ ಮೂರೇ ತಗ್ಗು. ಆದ್ರೆ ಮೂಲೆ ತಿದ್ದಿಲ್ಲವಲ್ಲ, ಇಡೀ ಗೆರೆ ಎಡಕ್ಕೆ ಜಾರಿರುತ್ತೆ. ಜಾರಿದ್ದನ್ನ ತೋರಿಸಿದ್ರೆ ಮುಗೀತು!"

ಅವಳು ಸೋಮವಾರದ ನಂತರ ಮೊದಲ ಸಲ ನಗುತ್ತಿದ್ದಳು.

*

ಮೈಕ್ರಾನ್ ತುಂಡನ್ನು ಮಗುವಿಗೆ ಸ್ನಾನ ಮಾಡಿಸುವ ಹಾಗೆ ತೊಳೆದ. ಒಣಗಿಸಿ, ಹೋಳು ಸೇರಿಸಿ, ಬೋಲ್ಟುಗಳನ್ನು ಒಂದಾದ ಮೇಲೊಂದು ಅಳೆದು ಬಿಗಿದ. ಎರಡು ತುದಿಗೂ ಕೇಬಲ್ ಹಾಕಿದ.

"ನೋಡಿ ಅತ್ತೆ, ನೋಡಿ, ಈಗ," ಎಂದು ಕಿರಿಯಳು ಅತ್ತೆಯ ತೋಳು ಹಿಡಿದುಕೊಂಡಳು. ಚಿಕ್ಕವಳಿದ್ದಾಗ ಪಟಾಕಿ ಹಚ್ಚುವ ಮುಂಚೆ ಹೀಗೆ ಹಿಡಿಯುತ್ತಿದ್ದಳು.

ಪರದೆಯ ಮೇಲೆ ಹಳದಿ ಗೆರೆ ಎಡದಿಂದ ಬಲಕ್ಕೆ ಹೊರಟಿತು. ಇಳಿಯತೊಡಗಿತು. ಗೆರೆ ನಿಧಾನವಾಗಿ, ನುಣುಪಾಗಿ ಇಳಿದು, ಒಂದೇ ಕಡೆ ಆಳಕ್ಕೆ ಹೋಗಿ, ಅಷ್ಟೇ ನುಣುಪಾಗಿ ಮೇಲಕ್ಕೆ ಬಂತು.

ಒಂದೇ ತಗ್ಗು.

ತೋಳಿನ ಮೇಲಿನ ಕೈ ಸಡಿಲವಾಯಿತು.

"ಎಡಕ್ಕೆ ಜಾರಿದೆ," ಎಂದ ಮೈಕ್ರಾನ್. "ಅಲ್ವಾ? ಜಾರಿದೆ. ಆದ್ರೆ ಇನ್ನೆರಡು ತಗ್ಗು ಎಲ್ಲಿ?"

"ಸುಟ್ಟಿದೆಯಲ್ಲ. ಕೆಟ್ಟಿರಬೇಕು," ಎಂದಳು ಕಿರಿಯಳು.

"ಸುಟ್ಟು ಕೆಟ್ಟರೆ ಗೆರೆ ಸೊಟ್ಟಪಟ್ಟ ಆಗುತ್ತೆ. ಇದು ಎಷ್ಟು ನೀಟಾಗಿದೆ! ಯಾರೋ ಬೇಕಂತಲೇ ಒಂದೇ ತಗ್ಗು ಬರೋ ಹಾಗೆ..."

"ಕೆಟ್ಟಿದೆ ಅಂದೆನಲ್ಲ!" ಕಿರಿಯಳು ಗದರಿದಳು. "ಇದರಿಂದ ಏನೂ ಗೊತ್ತಾಗಲ್ಲ. ಆಫ್ ಮಾಡಿ."

ಅತ್ತೆ ಪರದೆ ನೋಡುತ್ತಿರಲಿಲ್ಲ. ಕಿರಿಯಳ ಮುಖ ನೋಡುತ್ತಿದ್ದಳು. ಇಪ್ಪತ್ತು ವರ್ಷ ಠಾಣೆಯಲ್ಲಿ ಕೂತು ಇಂಥ ಮುಖಗಳನ್ನು ನೋಡಿದ್ದಳು. ಹೆಣದ ಗುರುತು ಹಿಡಿಯಲು ಬಂದವರು ಬಟ್ಟೆ ಸರಿಸಿದ ಕೂಡಲೇ ಹೀಗೆ ಆಗುತ್ತಿದ್ದರು. ಗುರುತು ಸಿಕ್ಕಿರುತ್ತದೆ. ಬಾಯಿ ಮಾತ್ರ ಇಲ್ಲ ಎನ್ನುತ್ತಿರುತ್ತದೆ.

"ಬಾ," ಎಂದಳು. "ಆ ಮುಳ್ಳಿನ ಕೋಣೆ ತೋರಿಸ್ತೀನಿ ಅಂದಿದ್ಯಲ್ಲ. ಈಗ ತೋರಿಸು."

*

ಆಂಟೆನಾಗಳನ್ನು ಪರೀಕ್ಷಿಸುವ ಕೋಣೆ ಅದು. ಗೋಡೆ, ಸೂರು, ನೆಲ ಎಲ್ಲ ಕಡೆ ಕಪ್ಪು ಸ್ಪಂಜಿನ ಮೊನಚು ಗೋಪುರಗಳು. ನಡೆಯುವುದಕ್ಕೆ ಹಲಗೆಯ ಒಂದು ದಾರಿ ಮಾತ್ರ. ಹೊಡೆದ ಅಲೆ ಇಲ್ಲಿ ಹಿಂದಿರುಗುವುದಿಲ್ಲ. ಮಾತೂ ಹಿಂದಿರುಗುವುದಿಲ್ಲ. ಬಾಗಿಲು ಮುಚ್ಚಿದ ಕೂಡಲೇ ಕಿವಿಗೆ ಹತ್ತಿ ತುರುಕಿದ ಹಾಗಾಯಿತು.

"ಯಾರದ್ದು ಅದು?" ಎಂದಳು ಅತ್ತೆ.

"ಯಾವುದು?"

"ಒಂದು ತಗ್ಗು."

"ಗೊತ್ತಿಲ್ಲ ಅತ್ತೆ."

"ಈಗ ನಾನು ನಿನ್ನತ್ತೆ ಅಲ್ಲ. ಗಾಯಗೊಂಡವನ ಮನೆಯ ಕಡೆಯಿಂದ ಬಂದವಳು. ಯಾರದ್ದು?"

"ಮುಖ್ಯಸ್ಥರೇ ಮಾಡಿಸಿರಬೇಕು. ನೀವೇ ಚಿತ್ರ ಬರೆಸಿದ್ರಲ್ಲ!"

"ಆತ ಕರಿಹಲಗೆ ಮೇಲಿನ ಚಿತ್ರ ಬರೆದ. ಬಂದದ್ದನ್ನ ಬರೆದ. ತುಂಡು ಕದ್ದವನಾಗಿದ್ರೆ ಹುಷಾರಾಗಿ ಸೊಟ್ಟಗೆ ಬರೀತಿದ್ದ. ಮೆಟ್ಟಿಲಿಳಿಯುವಾಗ ನನಗೆ ಹೊಳೀತು, ನಿನ್ನ ಕುಣಿತ ನೋಡಿ ಸುಮ್ಮನಾದೆ." ಅತ್ತೆ ಒಂದು ಹೆಜ್ಜೆ ಹತ್ತಿರ ಬಂದಳು. "ಇನ್ನೊಂದು ವಿಷಯ. ನಿನ್ನ ತುಂಡನ್ನ ಎದುರಿಗಿಟ್ಕೊಂಡು ನಕಲು ಮಾಡಿದ್ರೆ ಏನು ಬರ್ತಿತ್ತು? ಸೊಟ್ಟ ಉದ್ದವೇ ಬರ್ತಿತ್ತು. ಮೂರು ತಗ್ಗೇ ಬರ್ತಿತ್ತು. ಬಂದಿಲ್ಲ. ಅಂದ್ರೆ ಇದು ನಿನ್ನ ತುಂಡಿನ ನಕಲೇ ಅಲ್ಲ. ಬೇರೆ ಯಾರೋ ಕೂತು ಲೆಕ್ಕ ಹಾಕಿ ಮಾಡಿದ ಬೇರೆ ಮೆಟ್ಟಿಲು. ಅವನು ಯಾರು ಅಂತ ಗೆರೆ ನೋಡಿದ ಕೂಡಲೇ ನಿನಗೆ ಗೊತ್ತಾಯ್ತು."

"ನಿಮಗೆ ಗಣಿತ ಬರಲ್ಲ ಅಂತೀರಿ."

"ಮುಖ ಓದೋಕೆ ಗಣಿತ ಬೇಡ. ಹೇಳು."

ಕಿರಿಯಳು ಹಲಗೆಯ ಮೇಲೆ ಕುಕ್ಕರುಗಾಲಲ್ಲಿ ಕೂತಳು. ಸ್ಪಂಜಿನ ಒಂದು ಮೊನೆಯನ್ನು ಹಿಂಡಿದಳು. ಅದು ಮತ್ತೆ ಎದ್ದು ನಿಂತಿತು.

"ಭಾವ," ಎಂದಳು.

ಅತ್ತೆ ಅವಳ ಕಡೆಗೆ ಬಗ್ಗಿದಳು.

"ಭಾನುವಾರ ಅಕ್ಕನ ಮನೆಗೆ ಹೋಗ್ತಿದ್ದೆನಲ್ಲ. ಊಟ ಆದ ಮೇಲೆ ಅಕ್ಕ ಮಲಗ್ತಿದ್ಲು. ನಾನು, ಭಾವ ಮೇಜಿನ ಹತ್ರ ಕೂತು ಲೆಕ್ಕ ಮಾಡ್ತಿದ್ವಿ. ಕಲಿಸು ಅಂತ ಅವರೇ ಕೇಳಿದ್ದು. ಎಷ್ಟು ಆಸೆ ಗೊತ್ತಾ ಅತ್ತೆ ಅವರಿಗೆ? ಇಷ್ಟು ವರ್ಷ ಬೇರೆಯವರ ತುಂಡಿಗೆ ಬೋಲ್ಟ್ ಹಾಕೋದು, ಬಿಚ್ಚೋದು. ಒಂದನ್ನಾದ್ರೂ ಸ್ವಂತ ಮಾಡ್ಬೇಕು ಅಂತ. ಮೊದಲ ಪಾಠಕ್ಕೆ ಸುಲಭದ ವಿಧಾನ ಕೊಟ್ಟೆ. ನುಣುಪಾಗಿ ಒಂದೇ ತಗ್ಗು ಬರೋದು. ಎತ್ತರ ಎಲ್ಲಾ ಅವರೇ ಕಂಡುಹಿಡಿದ್ರು. ರಾತ್ರಿ ಫೋನ್ ಮಾಡಿ ಉತ್ತರ ಓದಿದ್ರು. ಸರಿ ಇತ್ತು! ಪುಸ್ತಕದ ಪ್ರಕಾರ ಪೂರಾ ಸರಿ ಇತ್ತು."

"ಮೂಲೆಯ ವಿಷಯ?"

"ಅದು ಮುಂದಿನ ಪಾಠ. ಮುಂದಿನ ಭಾನುವಾರ ನಾನು ಹೋಗ್ಲಿಲ್ಲ, ಇಲ್ಲೇ ಕೆಲಸ ಇತ್ತು. ಅದರ ಮುಂದಿನ ವಾರವೂ ಹೋಗ್ಲಿಲ್ಲ. ಆಮೇಲೆ ಅವರು ಕೇಳ್ಲಿಲ್ಲ, ನಾನು ಹೇಳ್ಲಿಲ್ಲ."

ಅತ್ತೆಗೆ ಸೋಮವಾರದ ಬೆಳಿಗ್ಗೆ ಕಣ್ಣ ಮುಂದೆ ಬಂತು. ಪರೀಕ್ಷೆ ನಡೆಯುವಾಗ ಯಾರೂ ಗಾಜಿನ ಹತ್ತಿರ ಹೋಗುವುದಿಲ್ಲ ಎಂದು ಎಲ್ಲರೂ ಹೇಳಿದ್ದರು. ಅಳಿಯ ಮಾತ್ರ ಹೋಗಿದ್ದ. ಯಾಕೆ ಹೋದ ಎಂದು ಯಾರಿಗೂ ಗೊತ್ತಿರಲಿಲ್ಲ. ಈಗ ಗೊತ್ತಾಯಿತು. ಒಳಗಿದ್ದದ್ದು ತನ್ನದು ಎಂದು ನೋಡಲು ಬಾಗಿದ್ದ.

"ಸರಿ," ಎಂದಳು ಅತ್ತೆ. "ತನ್ನ ತುಂಡು ಪರೀಕ್ಷೆ ಮಾಡೋ ಆಸೆ ಅಂತಲೇ ಇಟ್ಕೋ. ಹಾಗಾದ್ರೆ ನಿನ್ನದನ್ನ ಬೀರುವಿನಲ್ಲೇ ಬಿಟ್ಟಿರಬೇಕಿತ್ತು. ಬೀರು ಖಾಲಿ. ನಿನ್ನದು ಎಲ್ಲಿ?"

"ಗೊತ್ತಿಲ್ಲ."

"ಅವನ ತುಂಡನ್ನ ಕೊರೆದದ್ದು ಈ ಲ್ಯಾಬಿನ ಯಂತ್ರದಲ್ಲಾ?"

"ಅಲ್ಲ. ಇಲ್ಲಿ ಯಾರಿಗೂ ಗೊತ್ತಿಲ್ಲ."

"ಅಂದ್ರೆ ಹೊರಗೆ ಯಾರೋ ತಾಮ್ರ ಕೊಟ್ಟು, ಯಂತ್ರ ಕೊಟ್ಟು, ಅವನ ಆಸೆಗೆ ನೀರೆರೆದಿದ್ದಾರೆ. ಪುಕ್ಕಟೆ ಎರೆದಿರಲ್ಲ. ನಿನ್ನ ತುಂಡು ಬೇಕು ಅಂದಿದ್ದಾರೆ. ಅದರ ಜಾಗದಲ್ಲಿ ನಿನ್ನದೇ ಒಂದನ್ನ ಇಡು, ಯಾರಿಗೂ ಗೊತ್ತಾಗಲ್ಲ, ನಿನ್ನದೂ ಪರೀಕ್ಷೆ ಆಗುತ್ತೆ ಅಂದಿದ್ದಾರೆ."

ಕಿರಿಯಳು ಮುಖ ಎತ್ತಿದಳು. ಕಣ್ಣು ಒಣಗಿತ್ತು. "ಇದನ್ನ ಮೇಲೆ ಹೋಗಿ ಹೇಳಿದ್ರೆ ಏನಾಗುತ್ತೆ?"

"ನೀನು ಉಳೀತೀಯ."

"ಭಾವ?"

"ಕಳ್ಳತನ. ಒಂದು ಕಣ್ಣಿನ ಕಳ್ಳ ಅಂತ ಯಾರೂ ಕಡಿಮೆ ಶಿಕ್ಷೆ ಕೊಡಲ್ಲ."

"ಅಕ್ಕ?"

"ನೀನು ಹೇಳದಿದ್ರೆ ನೀನು ಒಳಗೆ. ಹೇಳಿದ್ರೆ ಅವನು ಒಳಗೆ. ನಿಮ್ಮಕ್ಕ ಎರಡಕ್ಕೂ ಅಳ್ತಾಳೆ. ಅದಕ್ಕೆ ಅವಳ ಅಳು ನೋಡಿ ತೀರ್ಮಾನ ಮಾಡ್ಬೇಡ."

"ನೀವು ಹಾಗೆ ಹೇಳ್ತೀರಿ. ನಿಮಗೆ ಮಕ್ಕಳಿಲ್ಲ, ಅಕ್ಕ ಇಲ್ಲ."

"ಇಬ್ಬರು ಸೊಸೆಯರಿದ್ದಾರೆ. ಅದೇ ಸಾಕಾಗಿದೆ." ಅತ್ತೆ ಅವಳ ಮೊಣಕೈ ಹಿಡಿದು ಎಬ್ಬಿಸಿದಳು. "ಕೇಳು. ಅವನ ಹಿಂದೆ ಇರೋನು ಸಿಕ್ಕಿದ್ರೆ ಇಬ್ಬರೂ ಉಳಿಯೋ ದಾರಿ ಇದೆ. ಆಸೆ ತೋರಿಸಿ ಮಾಡಿಸಿದ್ದಾರೆ ಅಂತ ನಿನ್ನ ಭಾವನ ಬಾಯಲ್ಲೇ ಬರಬೇಕು. ನಾನು ಆಸ್ಪತ್ರೆಗೆ ಹೋಗ್ತೀನಿ. ನಾನು ಬರೋ ತನಕ ಪೆನ್ನು ಮುಟ್ಟಬೇಡ. ಮುಖ್ಯಸ್ಥ ಕರೆದ್ರೆ ಹೊಟ್ಟೆನೋವು ಅನ್ನು, ತಲೆನೋವು ಅನ್ನು. ಏನಾದ್ರೂ ಅನ್ನು."

"ಆಯ್ತು," ಎಂದಳು ಕಿರಿಯಳು.

ಬಹಳ ಬೇಗ ಒಪ್ಪಿಕೊಂಡಳು. ಅತ್ತೆ ಅದನ್ನು ಗಮನಿಸಬೇಕಿತ್ತು. ಆದರೆ ಹೊತ್ತು ಇಳಿಯುತ್ತಿತ್ತು. ಕಾಲುಗಳಿಗೆ ಆಗಲೇ ಆಸ್ಪತ್ರೆಯ ದಾರಿ ಹತ್ತಿತ್ತು.

*

ಗೇಟಿನ ಬಳಿ ಅತ್ತೆ ಸ್ಕೂಟರ್ ತಿರುಗಿಸುತ್ತಿದ್ದಳು. ಹಿಂದಿನಿಂದ ಯಾರೋ ಓಡಿ ಬರುವ ಸದ್ದಾಯಿತು. ಮೈಕ್ರಾನ್. ಅಂಗಿಯ ಗುಂಡಿ ಒಂದು ಕಾಜ ತಪ್ಪಿ ಹಾಕಿತ್ತು. ಅವನಿಗೆ ಅದು ಗೊತ್ತಿದ್ದ ಹಾಗಿರಲಿಲ್ಲ.

"ಮೇಡಂ, ಸಹಿ ಹಾಕಿದ್ಲು!"

"ಏನು?"

"ನೀವು ಈ ಕಡೆ ಇಳಿದ್ರಿ, ಅವಳು ಆ ಕಡೆ ಹತ್ತಿದ್ಲು. ವಿನ್ಯಾಸ ನಂದು, ತಪ್ಪು ನಂದು ಅಂದ್ಲು. ಮುಖ್ಯಸ್ಥರೇ ತಬ್ಬಿಬ್ಬಾಗಿ, ಯೋಚನೆ ಮಾಡಮ್ಮ ಅಂದ್ರು. ಯೋಚನೆ ಮಾಡಿ ಆಗಿದೆ ಸರ್ ಅಂದ್ಲು. ಗುರುತಿನ ಚೀಟಿ ಕಳಚಿ ಮೇಜಿನ ಮೇಲಿಟ್ಟು ಹೊರಗೆ ಬಂದ್ಲು. ಆ ಗೆರೆಯನ್ನೂ ಅಳಿಸು ಅಂತ ನನಗೆ ಹೇಳಿದ್ಲು."

"ಅಳಿಸಿದ್ರಾ?"

ಮೈಕ್ರಾನ್ ಎದೆಯುಬ್ಬಿಸಿದ. "ಅಳತೆ ಮಾಡಿದ್ದನ್ನ ನಾನು ಅಳಿಸಲ್ಲ ಮೇಡಂ."

ಅತ್ತೆ ಅವನ ಬೆನ್ನು ತಟ್ಟಿದಳು. ಗೆರೆ ಇದೆ. ಅಳಿಯನ ಬಾಯಿಂದ ಒಂದು ಹೆಸರು ಸಿಕ್ಕರೆ ಸಹಿಯನ್ನು ಇನ್ನೂ ಹರಿಯಬಹುದು. ಸ್ಕೂಟರ್ ಗುಡುಗಿತು. ಅಷ್ಟರಲ್ಲಿ ಫೋನ್ ಬಡಿದುಕೊಂಡಿತು. ಹಿರಿಯಳು.

"ಅತ್ತೆ, ಎಷ್ಟೊತ್ತಾಗುತ್ತೆ? ಇವರಿಗೆ ಔಷಧಿ ಕೊಡೋ ಹೊತ್ತಾಯ್ತು. ಬೇಗ ವಾಪಸ್ ಕಳಿಸಿ."

"ಯಾರನ್ನ?"

"ಇವರನ್ನ! ನೀವೇ ಅಲ್ವಾ ಕಾರು ಕಳಿಸಿದ್ದು? ವಿಚಾರಣೆಗೆ ಅತ್ತೆ ಕರೀತಿದ್ದಾರೆ ಅಂತ ಇಬ್ಬರು ಬಂದಿದ್ರು."

ಅತ್ತೆ ಸ್ಕೂಟರ್ ಆರಿಸಿದಳು. "ಅವನು ಏನಂದ?"

"ಏನೂ ಅನ್ಲಿಲ್ಲ. ಅವರಲ್ಲೊಬ್ಬನ ಧ್ವನಿ ಕೇಳಿ ಎದ್ದು ಕೂತ್ರು. ಚಪ್ಪಲಿ ಹುಡುಕಿ ಕೊಡು ಅಂದ್ರು. ನಾನೂ ಬರ್ತೀನಿ ಅಂದೆ, ಬೇಡ ಅಂತ ಕೈ ಒದರಿದ್ರು. ಆ ಗಂಟನ್ನ ಮಾತ್ರ ತಗೊಂಡು ಹೋದ್ರು."

"ಯಾವ ಗಂಟು?"

"ಮನೆಯ ಬೀರುವಿನಲ್ಲಿತ್ತು. ಟವೆಲ್‌ನಲ್ಲಿ ಸುತ್ತಿದ್ದು. ನಿನ್ನೆ ತರಿಸ್ಕೊಂಡು ದಿಂಬಿನ ಪಕ್ಕ ಇಟ್ಕೊಂಡಿದ್ರು. ಕಬ್ಬಿಣವೋ ತಾಮ್ರವೋ, ನನ್ನ ಕೈ ನೋಯ್ತು ಅತ್ತೆ, ಅಷ್ಟು ಭಾರ. ಅತ್ತೆ? ಕಾರು ನಿಮ್ಮದೇ ತಾನೇ?"

ಮೈಕ್ರಾನ್ ಎದುರಿಗೆ ನಿಂತು ಅತ್ತೆಯ ಮುಖ ನೋಡುತ್ತಿದ್ದ. ಅವನ ಹಿಂದೆ ಕಿರಿಯಳು ಕೈಚೀಲ ಹೆಗಲಿಗೆ ಹಾಕಿಕೊಂಡು ಕಟ್ಟಡದಿಂದ ಹೊರಗೆ ಬರುತ್ತಿದ್ದಳು. ದೂರದಿಂದಲೇ ಕೈ ಬೀಸಿದಳು, ಕೆಲಸ ಮುಗಿಸಿ ಮನೆಗೆ ಹೊರಟವಳ ಹಾಗೆ.

ಹೊತ್ತು ಮುಳುಗುವಾಗ ಹೋದದ್ದು ಇಷ್ಟು: ಒಂದು ಬಲಗಣ್ಣು, ಒಂದು ಕೆಲಸ, ಒಂದು ತಾಮ್ರದ ತುಂಡು, ಒಬ್ಬ ಅಳಿಯ.